ಮೂಲಪುರುಷರ ಕಾರು

ಬೀದಿಯವರೆಲ್ಲ ಅವರನ್ನು ಮೂಲಪುರುಷರು ಎಂದು ಕರೆಯುತ್ತಿದ್ದರು. ಯಾವುದೋ ದೊಡ್ಡ ವಂಶವನ್ನು ಶುರುಮಾಡಿದರೆಂದು ಬಂದ ಹೆಸರಲ್ಲ ಅದು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಒಂದು ಹಳೆಯ ಕಾರಿನಿಂದ ಬಂದದ್ದು. ಕಾರಿನ ಬಗ್ಗೆ ಅವರು ಮೂರು ಮಾತಾಡಿದರೆ ಎರಡರಲ್ಲಿ ‘ಮೂಲ’ ಇರುತ್ತಿತ್ತು. ಮೂಲ ಹಾರ್ನು, ಮೂಲ ಬಾಗಿಲ ಹಿಡಿ, ಮೂಲ ಸ್ಕ್ರೂ. ಹಿಂದಿನ ಬಂಪರಿನಲ್ಲಿ ಹೆಬ್ಬೆರಳಗಲದ ಒಂದು ನೆಗ್ಗಿತ್ತು. ತಟ್ಟಿಸಿ ಸರಿಮಾಡಿಸಬಾರದೇ ಎಂದು ಎದುರುಮನೆಯ ದರ್ಜಿ ಕೇಳಿದ್ದಕ್ಕೆ, “ಅದು ಮೂಲ ನೆಗ್ಗು. ಕಾರ್ಖಾನೆಯಿಂದ ಹೊರಗೆ ಬರೋವಾಗಲೇ ಗೇಟಿಗೆ ತಾಗಿರಬೇಕು” ಎಂದುಬಿಟ್ಟರು. ಪಕ್ಕದಲ್ಲೇ ನಿಂತಿದ್ದ ಅವರ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಅವತ್ತೇ ನಾಮಕರಣ ಮುಗಿಸಿದ. ಮೂಲಪುರುಷರಿಗೆ ಹೆಸರಿನಲ್ಲಿದ್ದ ಕುಚೋದ್ಯ ಗೊತ್ತಾಗಲಿಲ್ಲವೆಂದಲ್ಲ. ಆದರೆ ‘ಪುರುಷರು’ ಎಂಬ ಬಹುವಚನ ಹಿತವಾಗಿತ್ತು. ಸುಮ್ಮನಿದ್ದರು.

ಅವರ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸಿದರೆ, ಇವರು ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಮೇಣ, ಜಿಪ್ಸಮ್ ಪುಡಿ, ಗುಲಾಬಿ ಬಣ್ಣದ ಒಂದು ಪುಡಿ ಇವುಗಳಿಂದ ಇಡೀ ಬಾಯಿಯನ್ನೇ ತಯಾರಿಸಿ ಕಳಿಸುತ್ತಿದ್ದರು. ಮೂವತ್ತೆಂಟು ವರ್ಷ ಊರಿನ ಅರ್ಧ ಮುದುಕರು ಇವರ ಹಲ್ಲಿನಲ್ಲೇ ನಕ್ಕಿದ್ದರು, ಇವರ ಹಲ್ಲಿನಲ್ಲೇ ಸೊಸೆಯರನ್ನು ಬೈದಿದ್ದರು. ಆಮೇಲೆ ಹಲ್ಲು ಕೊರೆಯುವ ಕಂಪ್ಯೂಟರ್ ಯಂತ್ರ ಬಂತು. ವೈದ್ಯರು ಒಬ್ಬೊಬ್ಬರಾಗಿ ಅಚ್ಚು ಕಳಿಸುವುದನ್ನು ನಿಲ್ಲಿಸಿದರು. ಕೊನೆಗೆ ಮೂರು ತಿಂಗಳು ಒಂದು ದವಡೆಯೂ ಬರದೆ ಹೋದಾಗ ಮೂಲಪುರುಷರು ಕೋಣೆಗೆ ಬೀಗ ಹಾಕಿ, ಅಡುಗೆಮನೆಯ ಸ್ಟೂಲಿನ ಮೇಲೆ ಗೋಡೆಗೆ ಮುಖಮಾಡಿ ಕುಳಿತರು. ಹಾಗೆ ಕುಳಿತದ್ದು ಹೆಚ್ಚುಕಡಿಮೆ ಒಂದು ಮಳೆಗಾಲ. ಊಟ ಹಾಕಿದರೆ ಉಂಡರು, ಹಾಕದಿದ್ದರೆ ಕೇಳಲಿಲ್ಲ.

ಅವರನ್ನು ಆ ಸ್ಟೂಲಿನಿಂದ ಎಬ್ಬಿಸಿದ್ದು ಈ ಕಾರು.

ನ್ಯಾಯವಾಗಿ ನೋಡಿದರೆ ಕಾರು ಅವರದ್ದಲ್ಲ, ಅವರ ಹೆಂಡತಿಯದ್ದು. ಆಕೆ ಹೆರಿಗೆ ಮಾಡಿಸುವ ದಾದಿ. ಊರಿಗೆಲ್ಲ ನರ್ಸಕ್ಕ. ಊರು ಬಿಟ್ಟು ಹೊರಟ ಒಬ್ಬ ಡಾಕ್ಟರಿಂದ ಆ ಕಾರನ್ನು ಕೊಂಡಾಗ ಅದಾಗಲೇ ಹಳೆಯದು. ಎರಡು ಗುಂಡು ಕಣ್ಣು, ಉಬ್ಬಿದ ಕೆನ್ನೆ, ಮುಂದೆ ಬೆಂಚಿನಂಥ ಒಂದೇ ಉದ್ದನೆಯ ಸೀಟು. ನರ್ಸಕ್ಕನ ಎತ್ತರ ನಾಲ್ಕಡಿ ಒಂಬತ್ತಿಂಚು. ಆ ಒಂಬತ್ತರಲ್ಲಿ ಅರ್ಧ ಇಂಚು ಕೂದಲಿನದು ಎಂದು ತಮ್ಮ ವಾದಿಸುತ್ತಿದ್ದ. ಆದರೂ ಮೂವತ್ತು ವರ್ಷ ಆ ಕಾರನ್ನು ಓಣಿಗಳಲ್ಲಿ, ಕೆಸರಿನಲ್ಲಿ, ಸೇತುವೆಯಿಲ್ಲದ ಹಳ್ಳಗಳಲ್ಲಿ ಓಡಿಸಿ, ನೋವು ಶುರುವಾದವರ ಮನೆಗೆ ಮಗುವಿಗಿಂತ ಮುಂಚೆ ತಲುಪುತ್ತಿದ್ದರು. ಕೆಲವು ಸಲ ಮಗುವೇ ಅವಸರಪಟ್ಟಿತು. ಹಿಂದಿನ ಸೀಟಿನಲ್ಲಿ ಹುಟ್ಟಿದವರು ಊರಲ್ಲಿ ನಾಲ್ವರಿದ್ದರು. ಅವರಲ್ಲೊಬ್ಬ ಈಗ ಅಂಚೆ ಕಚೇರಿಯಲ್ಲಿ ಗುಮಾಸ್ತ, ನರ್ಸಕ್ಕನನ್ನು ಕಂಡರೆ ಇವತ್ತಿಗೂ ನಾಚುತ್ತಾನೆ.

ನರ್ಸಕ್ಕ ನಿವೃತ್ತಿಯಾದದ್ದೂ, ಮೂಲಪುರುಷರ ಕೋಣೆಗೆ ಬೀಗ ಬಿದ್ದದ್ದೂ ಒಂದೇ ವರ್ಷ. ಒಂದು ಬೆಳಿಗ್ಗೆ, “ಕಾರ್ಬುರೇಟರ್ ಯಾಕೋ ಕೆಮ್ಮುತ್ತೆ, ನೋಡ್ರೀ” ಎಂದು ನರ್ಸಕ್ಕ ಗಂಡನ ಕೈಗೆ ಸ್ಪ್ಯಾನರ್ ಕೊಟ್ಟರು. ಮೂಲಪುರುಷರು ಕಾರ್ಬುರೇಟರ್ ಬಿಚ್ಚಿದರು. ಅದರ ಒಳಗಿನ ಪುಟ್ಟ ಹಿತ್ತಾಳೆ ರಂಧ್ರಗಳನ್ನು ಹಲ್ಲಿನ ಮೇಣ ಕೆತ್ತುವ ಸೂಜಿಯಿಂದ ಚೊಕ್ಕಟ ಮಾಡುವಾಗ, ತಿಂಗಳುಗಳ ಮೇಲೆ ಮೊದಲ ಸಲ ಸಿಳ್ಳೆ ಹಾಕಿದರು. ಅಷ್ಟೇ ಸಾಕಾಯಿತು. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿಯ ಮನುಷ್ಯ. ಕಾರ್ಬುರೇಟರಿನಿಂದ ಇಂಜಿನ್ನಿಗೆ, ಇಂಜಿನ್ನಿನಿಂದ ಬಾಗಿಲಿಗೆ, ಬಾಗಿಲಿನಿಂದ ನೆಲದ ರಬ್ಬರಿಗೆ ಇಳಿದು, ಆರು ವರ್ಷದಲ್ಲಿ ಇಡೀ ಕಾರನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ತಂದು ನಿಲ್ಲಿಸಿದರು. ಎಲ್ಲೆಲ್ಲಿಂದಲೋ ಹಳೆಯ ಕೈಪಿಡಿ ತರಿಸಿದರು. ಅದರಲ್ಲಿಲ್ಲದ ಒಂದು ನಟ್ಟು ಕಾರಿನಲ್ಲಿ ಕಂಡರೂ ಕಿತ್ತರು. ಮೂವತ್ತು ವರ್ಷದಲ್ಲಿ ಹತ್ತಿಕೊಂಡಿದ್ದ ಮರದ ತುಂಡು, ಕಬ್ಬಿಣದ ಪಟ್ಟಿ, ಲಾರಿಯ ಬಿಡಿಭಾಗ ಎಲ್ಲವನ್ನೂ ಎರಡು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ಹೊರಿಸಿ, ಕೈ ತೊಳೆದುಕೊಂಡರು. ಬಿಳಿ ಬಣ್ಣ ಕೆರೆದು ಕೈಪಿಡಿಯಲ್ಲಿದ್ದ ಬಣ್ಣ ಹಚ್ಚಿದರು. ಒಣಗಿದ ಬಟಾಣಿಯ ಬಣ್ಣ.

“ಅಜೀರ್ಣ ಆದೋರ ಮುಖದ ಹಾಗಿದೆ, ಭಾವ” ಎಂದ ಭಾವಮೈದ.

“ಮೂಲ ಬಣ್ಣ” ಎಂದರು ಮೂಲಪುರುಷರು.

“ಹಾಗಾದ್ರೆ ಮೂಲ ಅಜೀರ್ಣ.”

ಈ ಕೆಲಸ ಶುರುವಾದಂದಿನಿಂದಲೇ ಕಾರು ರಸ್ತೆಗೆ ಇಳಿಯುವುದು ಅಪರೂಪವಾಯಿತು. ಬಿಸಿಲಿದ್ದರೆ ಬಣ್ಣ ಹೋಗುತ್ತದೆ, ಮಳೆ ಬಂದರೆ ತಳ ತುಕ್ಕು ಹಿಡಿಯುತ್ತದೆ, ಗಾಳಿಯಿದ್ದರೆ ಧೂಳು. ಬಿಸಿಲು, ಮಳೆ, ಗಾಳಿ ಮೂರೂ ಇಲ್ಲದ ದಿನ ಮೂಲಪುರುಷರು ಗಂಟೆಗೆ ಇಪ್ಪತ್ತೈದರ ವೇಗದಲ್ಲಿ ಕೆರೆಯವರೆಗೆ ಹೋಗಿ ಬರುತ್ತಿದ್ದರು. ಹಿಂದೆ ಸೈಕಲ್ಲಿನವರು ಗಂಟೆ ಬಾರಿಸುತ್ತಿದ್ದರು. ನರ್ಸಕ್ಕ ಮಾತ್ರ ಸ್ಟಿಯರಿಂಗ್ ಮುಟ್ಟಲಿಲ್ಲ. “ಓಡಿಸ್ತೀಯೇನೇ?” ಎಂದು ಒಂದೆರಡು ಸಲ ಕೇಳಿದ್ದುಂಟು. “ಕಣ್ಣು ಮಂಜು. ಬೇಡ, ನೀವೇ ಓಡಿಸಿ” ಎಂದಿದ್ದರು ಆಕೆ. ವಯಸ್ಸಾಯಿತು, ಆಸೆ ಹೋಗಿರಬೇಕು ಎಂದುಕೊಂಡರು ಮೂಲಪುರುಷರು. ಅದೇ ಮಂಜು ಕಣ್ಣಿನ ಹೆಂಡತಿ ಎಂಟು ಮನೆ ಆಚೆಯವರ ಬಟ್ಟೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದುದು ಅವರ ಗಮನಕ್ಕೆ ಬರಲಿಲ್ಲ. ಮನೆಯಲ್ಲಿ ಮಿರಮಿರ ಮಿಂಚುವ ಕಾರಿಟ್ಟುಕೊಂಡು ನರ್ಸಕ್ಕ ಬಸ್ಸಿನಲ್ಲಿ ಓಡಾಡಿದರು. ಬಸ್ಸು ಹೋಗದ ಕಡೆ ಹೋಗುವುದನ್ನು ಬಿಟ್ಟರು. ಊರಾಚೆ ತೋಪಿನ ಹತ್ತಿರ ಮಂಡಿನೋವಿನಿಂದ ಮನೆಯಲ್ಲೇ ಕೂತಿದ್ದ ಹಳೆಯ ಜೊತೆಗಾತಿಯನ್ನು ವಾರಕ್ಕೊಮ್ಮೆ ನೋಡುತ್ತಿದ್ದವರು, ವರ್ಷಕ್ಕೊಮ್ಮೆ ನೋಡುವಂತಾಯಿತು.

ಈ ನಡುವೆ ಹಳೆ ಕಾರುಗಳ ಸಂಘದಿಂದ ಕಾಗದ ಬಂತು. ಸಂಘದ ಕಾರ್ಯದರ್ಶಿಗಳು ಒಂದು ಭಾನುವಾರ ಸ್ವತಃ ಬಂದು ಕಾರನ್ನು ತಪಾಸಣೆ ಮಾಡುತ್ತಾರೆ. ಎಲ್ಲವೂ ಕಾರ್ಖಾನೆಯ ಸ್ಥಿತಿಯಲ್ಲಿದ್ದರೆ ‘ಮೂಲಸ್ಥಿತಿ’ ಎಂದು ಕೆತ್ತಿದ ಹಿತ್ತಾಳೆಯ ತಗಡನ್ನು ಮುಂದಿನ ಜಾಲರಿಗೆ ಬಡಿಯಲಾಗುತ್ತದೆ. ಇಡೀ ಜಿಲ್ಲೆಯಲ್ಲಿ ಅಂಥ ತಗಡು ಎರಡೇ ಕಾರಿಗಿತ್ತು. ಮೂಲಪುರುಷರು ಆ ಕಾಗದವನ್ನು ದರ್ಜಿಗೆ, ಪೇಪರ್ ಹಾಕುವವನಿಗೆ, ಮೀಟರ್ ಓದಲು ಬಂದವನಿಗೆ ಓದಿ ಹೇಳಿದರು. ಮೀಟರಿನವನು ಪಾಪ, ಬಾಕಿ ನೋಟೀಸೆಂದು ತಿಳಿದು ಸಮಾಧಾನ ಹೇಳಿದ.

ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಕಾರನ್ನು ದೀರ್ಘಕಾಲ ಓಡಿಸಿದವರು ಚಾಲಕರ ಸೀಟಿನಲ್ಲಿ ಕುಳಿತಿರುವ ಫೋಟೋ ಲಗತ್ತಿಸತಕ್ಕದ್ದು.

“ಬಾರೇ, ಒಂದು ನಿಮಿಷ ಕೂತ್ಕೋ” ಎಂದು ಮೂಲಪುರುಷರು ಹೆಂಡತಿಯನ್ನು ಶೆಡ್ಡಿಗೆ ಕರೆದರು.

“ಕೈ ಹಿಟ್ಟಾಗಿದೆ.”

“ಕೈ ತೊಳ್ಕೊಂಡು ಬಾ. ಸೀಟಿಗೆ ಹತ್ತುತ್ತೆ.”

ನರ್ಸಕ್ಕ ಕೈ ತೊಳೆದು ಬಂದು ಕುಳಿತರು. ಮೂಲಪುರುಷರು ಕಾರಿನ ಮುಂದೆ ನಿಂತು ಮೊಬೈಲು ಹಿಡಿದರು. ಫೋಟೋದಲ್ಲಿ ಹೆಂಡತಿ ಕಾಣಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡು ಕಣ್ಣು, ಸ್ವಲ್ಪ ಹಣೆ, ಅಷ್ಟೇ.

“ಸ್ವಲ್ಪ ಎತ್ತರಕ್ಕೆ ಕೂತ್ಕೋ.”

“ಇನ್ನೆಷ್ಟು ಎತ್ತರ? ಇದು ದೇವರು ಕೊಟ್ಟಿದ್ದು.”

“ಸರಿ, ಓಡಿಸೋ ಹಾಗೆ ಕಾಣಬೇಕು. ಕ್ಲಚ್ಚಿನ ಮೇಲೆ ಕಾಲಿಡು.”

ಮೂಲಪುರುಷರು ಪಕ್ಕದಿಂದ ತೆಗೆಯಲು ಎಡಗಡೆಯ ಬಾಗಿಲು ತೆರೆದರು. ನರ್ಸಕ್ಕ ಸೀಟಿನ ತುದಿಗೆ ಜಾರಿ ಎಡಗಾಲು ಚಾಚಿದರು. ಚಪ್ಪಲಿಯ ತುದಿಗೂ ಕ್ಲಚ್ಚಿಗೂ ನಡುವೆ ಇನ್ನೂ ನಾಲ್ಕು ಬೆರಳು ಜಾಗವಿತ್ತು. ಕಾಲು ಅಲ್ಲೇ ಗಾಳಿಯಲ್ಲಿ, ಎತ್ತರದ ಬೆಂಚಿನ ಮೇಲೆ ಕೂರಿಸಿದ ಮಗುವಿನ ಕಾಲಿನ ಹಾಗೆ, ಮೆಲ್ಲಗೆ ಅಲ್ಲಾಡುತ್ತಿತ್ತು.

ಮೂಲಪುರುಷರು ಮೊಬೈಲನ್ನು ಇಳಿಸಿದರು. “ನಿಂಗೆ ಎಟಕೋದೇ ಇಲ್ವಲ್ಲೇ.”

“ಇಲ್ಲ.”

“ಮತ್ತೆ ಮೂವತ್ತು ವರ್ಷ ಹೇಗೆ ಓಡಿಸ್ದೆ?”

ನರ್ಸಕ್ಕ ಗಂಡನ ಮುಖವನ್ನು ಒಂದು ಕ್ಷಣ ನೋಡಿದರು. ಹೆರಿಗೆಯ ಕೋಣೆಯಿಂದ ಹೊರಗೆ ಬಂದು ಗಂಡಸರಿಗೆ ಸುದ್ದಿ ಹೇಳುವ ಮುಂಚೆ, ಇವನು ತಡೆದುಕೊಳ್ಳುತ್ತಾನೋ ಇಲ್ಲವೋ ಎಂದು ಅಳೆಯುವ ನೋಟ ಅದು.

“ಅದನ್ನೆಲ್ಲ ನೀವೇ ಬಿಚ್ಚಿ ಹಾಕಿದ್ರಲ್ಲ” ಎಂದರು. ಕೆಳಗಿಳಿದು, ಹಿಟ್ಟು ಒಣಗುತ್ತದೆಂದು ಒಳಗೆ ಹೋದರು.

ಮೂಲಪುರುಷರು ಬಗ್ಗಿ ಮೂರೂ ಪೆಡಲುಗಳನ್ನು ನೋಡಿದರು. ಆಮೇಲೆ ಬೀದಿಯ ತುದಿಯಲ್ಲಿದ್ದ ಭಾವಮೈದನ ಲೇತ್ ಅಂಗಡಿಗೆ ಹೋದರು. ಅವನು ಒಂದು ಕಬ್ಬಿಣದ ಸಲಾಕೆಯನ್ನು ಯಂತ್ರಕ್ಕೆ ಕಚ್ಚಿಸಿ ಸಿಪ್ಪೆ ತೆಗೆಯುತ್ತಿದ್ದ.

“ಅಲ್ವೋ, ಆ ಕಾರಿನ ಪೆಡಲಿಗೆ ಮರದ ತುಂಡು ಬಡಿದಿತ್ತಲ್ಲ, ಅದು ಯಾತಕ್ಕೆ?”

ಭಾವಮೈದ ಯಂತ್ರ ನಿಲ್ಲಿಸಿದ. “ನಾನೇ ಮಾಡಿದ್ದು. ಅಕ್ಕನಿಗೆ ಕಾಲು ಎಟುಕಲಿ ಅಂತ.”

“ಸೀಟಿನ ಕೆಳಗಿದ್ದ ಪಟ್ಟಿ?”

“ಅಕ್ಕನಿಗೆ ರಸ್ತೆ ಕಾಣಲಿ ಅಂತ.”

“ಲಾರಿ ಸ್ಟಿಯರಿಂಗ್ ಚಕ್ರ?”

“ದೊಡ್ಡ ಚಕ್ರ ಆದ್ರೆ ತಿರುಗಿಸೋಕೆ ಹಗುರ. ಭಾವ, ಇದೆಲ್ಲ ನಿಮಗೆ ಗೊತ್ತಿರಲಿಲ್ವಾ?”

“ನಾನು… ಯಾರೋ ತಲೆಕೆಟ್ಟ ಮೆಕ್ಯಾನಿಕ್ಕು ಹಾಕಿದ್ದು ಅಂದ್ಕೊಂಡಿದ್ದೆ.”

“ಥ್ಯಾಂಕ್ಸ್” ಎಂದ ಭಾವಮೈದ.

“ನೀನಾದ್ರೂ ಹೇಳಬಾರದಿತ್ತೇನೋ?”

“ಹೇಳೋಕೆ ಬಂದೆ. ಅಕ್ಕ ಬಾಯಿ ಮುಚ್ಚಿಸಿದ್ಲು. ಇನ್ನೊಂದು ಸಲ ಎತ್ತಿದ್ರೆ ಮನೆ ಮೆಟ್ಟಿಲು ಹತ್ತಿಸಲ್ಲ ಅಂದ್ಲು. ನಂಗೆ ನಿಮ್ಮ ಕಾರಿಗಿಂತ ಅಕ್ಕನ ಮನೆ ಊಟ ಮುಖ್ಯ.”

ಮೂಲಪುರುಷರು ಮನೆಗೆ ಬಂದರು. ಆರು ವರ್ಷ ತಾವು ಒಂದೊಂದೇ ಕಳಚಿ ಗೋಣಿಗೆ ತುಂಬಿದ್ದು ಕಾರಿನ ಕಸವನ್ನಲ್ಲ ಎಂಬುದು ದಾರಿಯಲ್ಲಿ ಅವರಿಗೆ ನಿಧಾನವಾಗಿ ಇಳಿಯಿತು. ಹೆಂಡತಿಯನ್ನೇ ಕಾರಿನಿಂದ ಇಳಿಸಿದ್ದರು. ಅದೂ ಸ್ಪ್ಯಾನರಿನಿಂದ, ಸಿಳ್ಳೆ ಹಾಕುತ್ತ. ಒಸಡಿಗೆ ಒಂದು ಕೂದಲಿನಷ್ಟು ಹಲ್ಲು ಒತ್ತಿದರೂ ಮತ್ತೆ ಮತ್ತೆ ಉಜ್ಜಿ ಕೊಡುತ್ತಿದ್ದ ಮನುಷ್ಯ. ‘ಅಂದಚೆಂದ ಆಮೇಲೆ, ಮೊದಲು ಅಗಿಯೋಕೆ ಬರಬೇಕು’ ಎಂದು ಗಿರಾಕಿಗಳಿಗೆ ಉಪದೇಶ ಮಾಡಿದವರು. ಪರರಿಗೆ ಹೇಳುವುದಕ್ಕೆ ಎಲ್ಲರೂ ಪಂಡಿತರೇ.

ಮರುದಿನ ಬೆಳಿಗ್ಗೆ ಬೀಗ ಹಾಕಿದ್ದ ಮುಂದಿನ ಕೋಣೆ ತೆರೆಯಿತು. ಮೂಲಪುರುಷರು ಮೇಣದ ಹಾಳೆಗಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಒಂದು ಬಟ್ಟಲಿನಲ್ಲಿ ಜಿಪ್ಸಮ್ ಪುಡಿ ಕಲಸಿ, ಹೆಂಡತಿಯನ್ನು ಕುರ್ಚಿಯ ಮೇಲೆ ಕೂರಿಸಿದರು.

“ಎಡಗಾಲು ಕೊಡು.”

“ಯಾಕ್ರೀ?”

“ಅಚ್ಚು ತೆಗೀಬೇಕು.”

“ಹಲ್ಲು ಕಟ್ಟೋರಿಗೆ ದವಡೆ ಯಾವುದು ಪಾದ ಯಾವುದು ಮರೆತೇ ಹೋಯ್ತಾ?”

ಅವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಆಕೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಬೆಚ್ಚಗಿನ ಮೇಣವನ್ನು ಪಾದದ ಮುಂಭಾಗಕ್ಕೆ, ಹೆಬ್ಬೆರಳ ಕೆಳಗಿನ ಉಬ್ಬಿಗೆ, ಹಿಮ್ಮಡಿಗೆ ಒತ್ತಿದರು. ನರ್ಸಕ್ಕ ಕಚಗುಳಿಯಾಗಿ ಕಾಲೆಳೆದುಕೊಂಡರು. “ಅಲ್ಲಾಡಬೇಡ. ಅಚ್ಚು ಕೆಡುತ್ತೆ. ಎಂಬತ್ತು ವರ್ಷದ ಮುದುಕರು ಇದಕ್ಕಿಂತ ನೆಟ್ಟಗೆ ಕೂತಿರ್ತಾರೆ” ಎಂದು ಗದರಿದರು. ಮೂವತ್ತು ವರ್ಷ ಕ್ಲಚ್ಚು ಒತ್ತಿ ಒತ್ತಿ ಆ ಉಬ್ಬು ಗಟ್ಟಿಯಾಗಿ ಒಂದು ಕಡೆಗೆ ವಾಲಿತ್ತು. ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು ಅವರು ಇದನ್ನು ನೋಡಿರಲಿಲ್ಲ.

“ಆರು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?” ಪಾದವನ್ನೇ ನೋಡುತ್ತ ಕೇಳಿದರು.

ನರ್ಸಕ್ಕ ಅಡುಗೆಮನೆಯ ಕಡೆ ಕೈ ತೋರಿಸಿದರು. “ನೀವು ಅಲ್ಲಿ ಸ್ಟೂಲಿನ ಮೇಲೆ ಕೂತಿರ್ತಿದ್ರಿ. ಗೋಡೆ ನೋಡ್ಕೊಂಡು. ನಂಗೆ ಹೆರಿಗೆ ಮಾಡ್ಸೋದು ಗೊತ್ತು, ಅದಕ್ಕೆ ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ. ಆಮೇಲೆ ಒಂದಿನ ಶೆಡ್ಡಿಂದ ಸಿಳ್ಳೆ ಕೇಳಿಸ್ತು. ಪೆಡಲು ಬಿಚ್ಚಿದ ದಿನ ಬಂದು ನೋಡಿದೆ. ಎಷ್ಟು ಖುಷಿಯಾಗಿ ಬಿಚ್ತಾ ಇದ್ರಿ ಅಂದ್ರೆ… ಕಾರು ಹೋದ್ರೆ ಹೋಗ್ಲಿ, ಗಂಡ ವಾಪಸ್ ಬಂದ್ರಲ್ಲ ಅನ್ಸಿತು. ಬಸ್ಸೇನು ಕೆಟ್ಟದ್ದಲ್ಲ.”

ಮೇಣ ಯಾವಾಗಲೋ ಗಟ್ಟಿಯಾಗಿತ್ತು. ಮೂಲಪುರುಷರು ಪಾದವನ್ನು ಬಿಡಲಿಲ್ಲ.

“ಬಿಡ್ರೀ, ಜೋಮು ಹಿಡೀತು” ಎಂದರು ನರ್ಸಕ್ಕ.

ಬಲಗಾಲಿನ ಅಚ್ಚೂ ಆಯಿತು. ಎರಡು ದಿನದಲ್ಲಿ ಪಾದಗಳ ಅಚ್ಚಿಗೆ ಸರಿಯಾಗಿ, ಒಸಡಿನಷ್ಟು ನಯವಾದ, ನಾಲ್ಕು ಬೆರಳು ದಪ್ಪದ ಮೂರು ಗುಲಾಬಿ ಕಟ್ಟೆಗಳು ತಯಾರಾದವು: ಕ್ಲಚ್ಚಿಗೊಂದು, ಬ್ರೇಕಿಗೊಂದು, ಆಕ್ಸಿಲರೇಟರಿಗೊಂದು. ಬುದ್ಧಿವಂತರಾದ ಮೂಲಪುರುಷರು ಅವಕ್ಕೆ ಕ್ಲಿಪ್ಪು ಇಟ್ಟಿದ್ದರು. ಹೆಂಡತಿ ಓಡಿಸುವಾಗ ಹಾಕುವುದು, ಸಂಘದವರು ಬರುವಾಗ ತೆಗೆಯುವುದು, ಹಲ್ಲುಸೆಟ್ಟಿನ ಹಾಗೆಯೇ. ಭಾವಮೈದ ಸೀಟಿಗೂ ಅಂಥದ್ದೇ ಕಳಚುವ ಪಟ್ಟಿ ಮಾಡಿಕೊಟ್ಟ, ಲಾರಿಯ ಚಕ್ರವೊಂದನ್ನು ಹುಡುಕಿ ತಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಂಡತಿಯೂ ಇರಲಿ, ತಗಡೂ ಇರಲಿ.

ನರ್ಸಕ್ಕ ಹತ್ತಿ ಕುಳಿತರು. ಕಾಲು ಎಟುಕಿತು, ರಸ್ತೆ ಕಂಡಿತು. ಕಾರು ಶೆಡ್ಡಿನಿಂದ ಹೊರಗೆ ಬಂದು ಬೀದಿಯಲ್ಲಿ ನೇರವಾಗಿ ಚೆನ್ನಾಗಿಯೇ ಹೋಯಿತು. ತೊಂದರೆಯೆಂದರೆ ಬೀದಿಯ ತುದಿಯಲ್ಲಿ ತಿರುವಿತ್ತು. ನರ್ಸಕ್ಕ ಎರಡೂ ಕೈಯಿಂದ ಚಕ್ರವನ್ನು ಎಳೆದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಕಾರು ಅರ್ಧ ತಿರುಗಿ, ಮನೆ ಕಟ್ಟಿಸುತ್ತಿದ್ದವರ ಮರಳಿನ ಗುಡ್ಡೆಗೆ ಮೂಗು ಒತ್ತಿ ನಿಂತಿತು.

ಮೂಲಪುರುಷರು ಓಡಿಬಂದು ಮೊದಲು ಬಂಪರ್ ನೋಡಿದರು. ನ್ಯಾಯ ಹೇಳಬೇಕೆಂದರೆ, ಅರ್ಧ ಕ್ಷಣ ಮಾತ್ರ. ಆಮೇಲೆ ಕಿಟಕಿಯ ಒಳಗೆ ನೋಡಿದರು. ನರ್ಸಕ್ಕ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿಕೊಂಡಿದ್ದರು. ಗಂಡ ಬಂದದ್ದು ಕಂಡು ಕೈ ಕೆಳಗಿಟ್ಟರು.

“ನೋವಾ?”

“ಸಾವಿರಾರು ಮಕ್ಕಳನ್ನ ಹಿಡಿದೆಳೆದ ಕೈ. ಈಗ ಅದನ್ನ ಯಾರಾದ್ರೂ ಎಳೀಬೇಕು ಅನ್ನುತ್ತೆ. ಆರು ವರ್ಷದ ಹಿಂದೆ ಹೀಗಿರ್ಲಿಲ್ಲ.” ನಕ್ಕರು. “ಸಾಕು ಬಿಡಿ. ನೋಡಿದ್ದಾಯ್ತಲ್ಲ. ನಿಮ್ಮ ಕಟ್ಟೆ ತುಂಬಾ ಚೆನ್ನಾಗಿದೆ, ಕಾಲಿಗೆ ಮೆತ್ತಗೆ ಹಿತವಾಗಿದೆ.” ಇಳಿದು ಮನೆಯ ಕಡೆ ನಡೆದರು. ಬೆನ್ನು ಬಾಗಿರಲಿಲ್ಲ. ಆದರೆ ಯಾವತ್ತೂ ಓಡುನಡಿಗೆಯಲ್ಲಿ ಹೋಗುತ್ತಿದ್ದವರು ಅವತ್ತು ನಿಧಾನವಾಗಿ ಹೋದರು.

ಭಾವಮೈದ ಮರಳಿನ ಗುಡ್ಡೆಯ ಮೇಲೆ ಕುಳಿತ. “ಒಂದು ದಾರಿ ಇದೆ, ಭಾವ. ನೀವು ಹೊಡೆಯಲ್ಲ ಅಂದ್ರೆ ಹೇಳ್ತೀನಿ.”

“ಹೇಳು.”

“ಈಗಿನ ಸಣ್ಣ ಕಾರುಗಳಲ್ಲಿ ಸ್ಟಿಯರಿಂಗಿಗೆ ಒಂದು ವಿದ್ಯುತ್ ಮೋಟಾರು ಇರುತ್ತೆ. ಒಂದೇ ಬೆರಳಲ್ಲಿ ತಿರುಗುತ್ತೆ, ಈ ಲಾರಿ ಚಕ್ರವೂ ಬೇಡ. ಗುಜರಿಯಲ್ಲಿ ಒಂದಿದೆ, ಕೂರಿಸಬಹುದು. ಆದ್ರೆ ಅದಕ್ಕೆ ಕರೆಂಟು ಜಾಸ್ತಿ ಬೇಕು, ನಿಮ್ಮ ಹಳೆ ಡೈನಮೋ ತೆಗೆದು ಹೊಸದು ಹಾಕ್ಬೇಕು. ಆಮೇಲೆ…”

“ಆಮೇಲೆ?”

“ಸ್ಟಿಯರಿಂಗ್ ಕಂಬಿ ಮಧ್ಯದಲ್ಲಿ ಒಂದು ಗೇಣು ಕುಯ್ದು ತೆಗೀಬೇಕು. ಅದು ಕ್ಲಿಪ್ಪಲ್ಲ, ಭಾವ. ಕುಯ್ದರೆ ಕುಯ್ದಂಗೆ.”

ಆ ಕಂಬಿಯ ಮೇಲೆ ಕಾರ್ಖಾನೆಯವರು ಒತ್ತಿದ ಸಂಖ್ಯೆಯಿತ್ತು, ಇಂಜಿನ್ನಿನ ಮೇಲಿದ್ದ ಸಂಖ್ಯೆಯೇ. ಎರಡೂ ಒಂದೇ ಇರುವ ಕಾರು ಇನ್ನೆಲ್ಲಿಯೂ ಉಳಿದಿಲ್ಲವೆಂದು ಮೂಲಪುರುಷರ ನಂಬಿಕೆ. ತಪಾಸಣೆಗೆ ಇನ್ನು ಎಂಟು ದಿನ.

ಎರಡು ದಿನ ಮನೆಯಲ್ಲಿ ಸಿಳ್ಳೆ ಕೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಭಾವಮೈದ ಮೋಟಾರು ಹಿಡಿದು ಬಂದಾಗ ಕಾರಿನ ಮುಂಭಾಗ ಬಿಚ್ಚಿಟ್ಟಿತ್ತು, ಕಂಬಿ ಹೊರಗೆ ಬಂದು ವೈಸಿಗೆ ಕಚ್ಚಿತ್ತು. ಅಳತೆಯ ಗೆರೆ ಎಳೆದಾಗಿತ್ತು. ಮೂಲಪುರುಷರು ಗರಗಸವನ್ನು ಭಾವಮೈದನ ಕಡೆ ಚಾಚಿದರು.

“ನಾನು ಕುಯ್ಯಲ್ಲ” ಎಂದ ಅವನು. “ನೀವೇ ಕುಯ್ಯಿರಿ. ಇಲ್ಲಾಂದ್ರೆ ಸಾಯೋ ತನಕ ನನ್ನ ತಲೆಗೆ ಕಟ್ತೀರಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದಿದ್ದ. ಗರಗಸ ಕಬ್ಬಿಣಕ್ಕೆ ಕಚ್ಚಿದ ಸದ್ದಿಗೆ ಅವರ ಹಲ್ಲು ಜುಮ್ಮೆಂದಿತು, ಸ್ವಂತ ಹಲ್ಲು. ಆದರೆ ಕೈ ನಿಲ್ಲಿಸಲಿಲ್ಲ. ಸಂಖ್ಯೆಯಿದ್ದ ತುಂಡು ನೆಲಕ್ಕೆ ಬಿದ್ದು ಸ್ವಲ್ಪ ದೂರ ಉರುಳಿತು.

ಅಷ್ಟರಲ್ಲಿ ನರ್ಸಕ್ಕ ಚಹಾ ತಂದರು. ತುಂಡಾದ ಕಂಬಿ ನೋಡಿ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟರು, ಬರಿ ಬಾನೆಟ್ಟಿನ ಮೇಲೆ. ಬೇರೆ ದಿನವಾಗಿದ್ದರೆ ಅದಕ್ಕೇ ಒಂದು ಗಂಟೆ ಭಾಷಣವಾಗುತ್ತಿತ್ತು.

“ಏನ್ರೀ ಮಾಡ್ಬಿಟ್ರಿ.”

“ಚಹಾ ಆರುತ್ತೆ, ಕೊಡು.”

“ನಾನು ಬೇಡ ಅಂದಿದ್ದೆ.”

“ನೀನು ಆರು ವರ್ಷದಿಂದ ಬೇಡ ಅಂತಿದೀಯ” ಎಂದರು ಮೂಲಪುರುಷರು. “ನಿನ್ನ ಮಾತು ಯಾರು ನಂಬ್ತಾರೆ?”

ನರ್ಸಕ್ಕ ಅಲ್ಲೇ ಟೈರಿನ ಮೇಲೆ ಕುಳಿತರು. ಭಾವಮೈದ ಹೊರಗೆ ಏನೋ ಮರೆತವನ ಹಾಗೆ ಎದ್ದುಹೋದ.

ಭಾನುವಾರ ಸಂಘದ ಕಾರ್ಯದರ್ಶಿಗಳು ಬಂದರು. ಬಿಳಿ ಕೈಗವಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರು ತಮ್ಮನ್ನು ‘ನಾನು’ ಎಂದು ಕರೆದುಕೊಳ್ಳುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ನೀರು ಬೇಕೇ ಎಂದು ಕೇಳಿದರೆ, “ತಪಾಸಣೆಗೆ ಮುಂಚೆ ಸಂಘ ಏನನ್ನೂ ಕುಡಿಯೋದಿಲ್ಲ” ಎಂದರು. ಬಣ್ಣ ನೋಡಿ ತಲೆದೂಗಿದರು. ಹಾರ್ನು ಒತ್ತಿ ಕಣ್ಣು ಮುಚ್ಚಿದರು. ಬಂಪರಿನ ನೆಗ್ಗನ್ನು ಭೂತಗನ್ನಡಿಯಲ್ಲಿ ನೋಡಿ, “ಸಂಘಕ್ಕೆ ಸಂತೋಷ” ಎಂದರು. ಆಮೇಲೆ ಟಾರ್ಚು ಹಿಡಿದು ಸ್ಟಿಯರಿಂಗಿನ ಕೆಳಗೆ ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ. ಸೊಂಟ ಹಿಡಿಯಿತೇನೋ ಎಂದು ಭಾವಮೈದ ಮುಂದೆ ಬಂದ.

“ಇದೇನು ಸ್ವಾಮಿ?” ಕೆಳಗಿನಿಂದಲೇ ಧ್ವನಿ ಬಂತು.

“ಮೋಟಾರು” ಎಂದರು ಮೂಲಪುರುಷರು.

“ಕಾರ್ಖಾನೆಯದ್ದಲ್ಲ.”

“ಅಲ್ಲ.”

“ಇಲ್ಲಿ ಗುಲಾಬಿ ಬಣ್ಣದ್ದೇನೋ ಇದೆ. ಪೆಡಲಿನ ಮೇಲೆ. ಪಾದದ ಗುರುತಿದೆ.”

“ನಮ್ಮನೆಯವಳದ್ದು. ಅಚ್ಚು ತೆಗೆದದ್ದು ಮೂಲ ಪಾದದಿಂದಲೇ.”

ಕಾರ್ಯದರ್ಶಿಗಳು ಮೇಲೆ ಬಂದು ಕೈಗವಸು ಕಳಚಿದರು. ಮುಖದಲ್ಲಿ ಸಂಘ ಇರಲಿಲ್ಲ, ನಿಜವಾಗಿ ಬೇಸರಗೊಂಡ ಒಬ್ಬ ಮನುಷ್ಯನಿದ್ದ. “ಆರು ವರ್ಷ ಕಷ್ಟಪಟ್ಟಿದ್ದೀರಿ. ಇವತ್ತು ತಗಡು ಬಡಿಸ್ಕೊಂಡು, ನಾಳೆ ಕುಯ್ದಿದ್ರೆ ನಮಗೆ ಗೊತ್ತಾಗ್ತಿತ್ತಾ? ಸ್ವಲ್ಪ ದಿನ ತಡೀಬಾರದಿತ್ತಾ?”

ಅದನ್ನು ಮೂಲಪುರುಷರು ಯೋಚಿಸಿರಲಿಲ್ಲವೆಂದಲ್ಲ. ಸಿಳ್ಳೆ ಕೇಳಿಸದ ಆ ಎರಡು ದಿನ ಅದನ್ನೇ ಯೋಚಿಸಿದ್ದರು.

“ತಗಡು ಬಡಿದ ಮೇಲೆ ನಂಗೆ ಕುಯ್ಯೋಕೆ ಕೈ ಬರ್ತಿರ್ಲಿಲ್ಲ, ಸ್ವಾಮಿ” ಎಂದರು.

ಬಾಗಿಲಲ್ಲಿ ನಿಂತಿದ್ದ ನರ್ಸಕ್ಕ ಸರಕ್ಕನೆ ಒಳಗೆ ಹೋದರು. ಕಾರ್ಯದರ್ಶಿಗಳು ಕಡತ ಮುಚ್ಚಿ, ಹಿತ್ತಾಳೆಯ ತಗಡಿದ್ದ ಪೊಟ್ಟಣವನ್ನು ಚೀಲಕ್ಕೆ ಹಾಕಿ, ಈಗ ಸಂಘ ನೀರು ಕುಡಿಯಬಹುದು ಎಂದರು.

ಅವರು ಹೋದಮೇಲೆ ಭಾವಮೈದ ಕಾರನ್ನು ಬೀದಿಗೆ ತಂದು ನಿಲ್ಲಿಸಿದ. ಮೋಡ ಕವಿದಿತ್ತು, ಗಾಳಿಯೂ ಇತ್ತು. ನರ್ಸಕ್ಕ ಹತ್ತಿ ಕುಳಿತು ಚಕ್ರವನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ತಿರುಗಿಸಿದರು. ಮತ್ತೆ ಎಡಕ್ಕೆ. ಬರೀ ಬೆರಳ ತುದಿಯಲ್ಲಿ. ಬೇಕಿಲ್ಲದಿದ್ದರೂ ಇನ್ನೊಂದು ಸಲ ತಿರುಗಿಸಿದರು. ಮೂಲಪುರುಷರು ಸುತ್ತಿಬಂದು ಎಡಗಡೆಯ ಬಾಗಿಲಿನ ಹಿಡಿಗೆ ಕೈ ಹಾಕಿದರು.

“ನೀವು ಬೇಡ” ಎಂದರು ನರ್ಸಕ್ಕ.

“ಯಾಕೆ? ಮೊದಲ ಸಲ, ಹೊಸ ಮೋಟಾರು…”

“ನೀವು ಪಕ್ಕದಲ್ಲಿ ಕೂತ್ರೆ ಇಂಜಿನ್ನಿಗೆ ಕಿವಿ ಕೊಟ್ಕೊಂಡಿರ್ತೀರಿ. ಗುಂಡಿ ಬಂದಾಗೆಲ್ಲ ನಿಮ್ಮ ಮುಖ ನೋವು ಬಂದ ಬಸುರಿ ಹಾಗಾಗುತ್ತೆ. ಅಂಥ ಮುಖ ನೋಡೋ ಕೆಲಸದಿಂದ ನಾನು ರಿಟೈರಾಗಿದೀನಿ.”

ಕಾರು ಹೊರಟಿತು. ತಿರುವಿನಲ್ಲಿ ಮರಳಿನ ಗುಡ್ಡೆಯನ್ನು ಒಂದು ಮೊಳ ದೂರ ಬಿಟ್ಟು, ವೇಗ ಕೂಡ ತಗ್ಗಿಸದೆ ತಿರುಗಿ ಮರೆಯಾಯಿತು. ಎರಡನೇ ಗೇರು ಸ್ವಲ್ಪ ಬೇಗ ಬಿತ್ತು. ಮೂಲಪುರುಷರು ಬಾಯಿ ತೆರೆದರು, ಮುಚ್ಚಿದರು.

“ಎಷ್ಟು ಹೊತ್ತಿಗೆ ಬರ್ತಾಳಂತೆ?” ಭಾವಮೈದ ಕೇಳಿದ.

“ಕೇಳ್ಲಿಲ್ಲ.”

ನರ್ಸಕ್ಕ ಬಂದದ್ದು ಸಂಜೆ ಐದಕ್ಕೆ. ನಡುವೆ ಮಳೆ ಬಂದು ಹೋಗಿತ್ತು. ಬಟಾಣಿ ಬಣ್ಣದ ಮೇಲೆ ಕಿಟಕಿಯವರೆಗೂ ಕೆಸರು, ಜಾಲರಿಯಲ್ಲಿ ಸಿಕ್ಕಿಬಿದ್ದ ಒಂದು ಹಸಿರು ಟೊಂಗೆ. ಮೂರು ಗಂಟೆಯಿಂದ ಗೇಟಿನಲ್ಲಿ ನಿಂತಿರಲಿಲ್ಲವೆಂದು ತೋರಿಸಿಕೊಳ್ಳಲು ಮೂಲಪುರುಷರು ಒಂದು ಬಟ್ಟೆ ಹಿಡಿದು ಬಂದರು.

“ತೋಪಿನ ಮನೆಯವಳು ಹೇಗಿದಾಳೆ?”

“ಅವಳನ್ನೂ ಕೂರಿಸ್ಕೊಂಡು ಹೋದೆ. ಹಳ್ಳದ ಆಚೆಗೆ. ಆರು ವರ್ಷದ್ದು ಮಾತಾಡೋದಿತ್ತು, ಅರ್ಧ ಮುಗೀತು.” ನರ್ಸಕ್ಕನ ಕೂದಲು ಕೆದರಿತ್ತು, ಕೆನ್ನೆಯ ಮೇಲೂ ಒಂದು ಹನಿ ಕೆಸರು.

“ಇಂಜಿನ್ನು ಸದ್ದು ಏನಾದ್ರೂ ಬಂತಾ?”

“ಕಿಟಕಿ ತೆಗೆದಿದ್ದೆ, ಕೇಳಿಸ್ಲಿಲ್ಲ.”

ಮೂಲಪುರುಷರು ಬಾಗಿಲಿನ ಕೆಸರಿನ ಮೇಲೆ ಬಟ್ಟೆ ಇಟ್ಟರು.

“ಒರೆಸ್ಬೇಡಿ” ಎಂದರು ನರ್ಸಕ್ಕ, ಚಪ್ಪಲಿ ಬಿಡುತ್ತ. “ನಾಳೆ ಬೆಳಿಗ್ಗೆ ಮತ್ತೆ ಬೇಕು.”

“ಎಲ್ಲಿಗೆ?”

“ಇನ್ನೂ ಗೊತ್ತಿಲ್ಲ.”

ಆಕೆ ಒಳಗೆ ಹೋದರು. ಮೂಲಪುರುಷರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಪೆಟ್ರೋಲು ಎಷ್ಟು ಉಳಿದಿದೆ ಎಂದು ನೋಡಲು ಹೋದರು.